ಸಕ್ಕರೆಯಲ್ಲಿ ಸೌಧ ಕಟ್ಟಿದ ಕರೇಮ್

ಡಿಸೆಂಬರ್ ಸಮೀಪಿಸಿದೊಡನೆ ರಾಜ್ಯದ ನಗರಗಳಲ್ಲಿ ಕೇಕ್ ಅಲಂಕಾರದ ಸಾಮಗ್ರಿಗಳಿಗೆ ಬೇಡಿಕೆ ಏರುತ್ತದೆ. ಕ್ರೀಮ್ ತುಂಬಿ ಹಿಂಡುವ ಪೈಪಿಂಗ್ ಬ್ಯಾಗ್ ಬಟ್ಟೆಯದಿರಲೋ, ಸಿಲಿಕೋನಿನದಿರಲೋ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನದೇ ಸಾಕೋ ಎಂಬ ಗೊಂದಲ ಹೊಸದಾಗಿ ಕೈಹಾಕಿದವರನ್ನು ಕಾಡುತ್ತದೆ. ತಿನಿಸಿನ ಅಲಂಕಾರವನ್ನು ಶಿಲ್ಪದ ಎತ್ತರಕ್ಕೆ ಒಯ್ದ ಫ್ರಾನ್ಸಿನ ಆಂಟೋನಿನ್ ಕರೇಮ್‌ಗೆ ಇಷ್ಟೊಂದು ಆಯ್ಕೆಗಳಿರಲಿಲ್ಲ. ಬಾಲ್ಯದಲ್ಲಿ ಅವನಿಗೆ ಮನೆಯೂ ಇರಲಿಲ್ಲ.

ಕರೇಮ್ ಹುಟ್ಟಿದ್ದು ಪ್ಯಾರಿಸ್ಸಿನ ಕಡುಬಡ ಕುಟುಂಬದಲ್ಲಿ, 1784ರ ಸುಮಾರಿಗೆ. ಮನೆಯ ತುಂಬ ಮಕ್ಕಳು. ತಂದೆಯ ದಿನಗೂಲಿಯೇ ಎಲ್ಲರ ಹೊಟ್ಟೆಗೆ ಆಧಾರ. ಫ್ರಾನ್ಸಿನ ಮಹಾಕ್ರಾಂತಿ ನಗರವನ್ನು ಅಲ್ಲೋಲಕಲ್ಲೋಲಗೊಳಿಸಿದ್ದ ದಿನಗಳಲ್ಲಿ, ಹತ್ತರ ಆಸುಪಾಸಿನ ಮಗನನ್ನು ತಂದೆ ಊರಿನ ಅಂಚಿಗೆ ಕರೆದೊಯ್ದು, ಇನ್ನು ನಿನ್ನ ದಾರಿ ನೀನೇ ನೋಡಿಕೋ ಎಂದು ಬಿಟ್ಟುಬಂದ. ಅಗ್ಗದ ಊಟದ ಮನೆಯೊಂದರ ಯಜಮಾನ ಆಶ್ರಯ ಕೊಟ್ಟ. ಪಾತ್ರೆ ತೊಳೆಯುವುದು, ಒಲೆ ಉರಿಸುವುದು ಕೆಲಸ. ಊಟ ಮತ್ತು ಮಲಗಲು ಜಾಗ ಸಂಬಳ.

ಬದುಕು ತಿರುವು ಪಡೆದದ್ದು ಹದಿಹರೆಯದಲ್ಲಿ. ಪಾಲೆ ರಾಯಲ್ ಸಮೀಪದ ಹೆಸರಾಂತ ಮಿಠಾಯಿಗಾರ ಸಿಲ್ವಾನ್ ಬಾಯಿ ಎಂಬವನ ಅಂಗಡಿಯಲ್ಲಿ ಕರೇಮ್ ಕೆಲಸ ಕಲಿಯಲು ಸೇರಿದ. ಹುಡುಗನ ಆಸಕ್ತಿಯನ್ನು ಗುರುತಿಸಿದ ಬಾಯಿ, ವಾರದಲ್ಲಿ ಎರಡು ದಿನ ಬಿಡುವು ಕೊಟ್ಟು ಹತ್ತಿರದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಲು ಅನುಮತಿಯಿತ್ತ. ಇಂತಹ ಯಜಮಾನರು ಯಾವ ಕಾಲಕ್ಕೂ ವಿರಳ. ಶಾಲೆಯ ಮುಖ ಕಾಣದ ಹುಡುಗ ಸ್ವಂತ ಪ್ರಯತ್ನದಿಂದ ಓದು ಬರಹ ಕಲಿತ. ಪಲ್ಲಾಡಿಯೊ, ವಿನ್ಯೋಲಾ ಮೊದಲಾದ ವಾಸ್ತುಶಿಲ್ಪಿಗಳ ಗ್ರಂಥಗಳ ಮುಂದೆ ಕುಳಿತು ಕಂಬ, ಕಮಾನು, ಗುಮ್ಮಟಗಳನ್ನು ನಕಲು ಮಾಡಿದ. ಬಳಿಕ ಅವುಗಳನ್ನೇ ಸಕ್ಕರೆ, ಬಾದಾಮಿಯ ಹಿಟ್ಟು ಮತ್ತು ಅಂಟು ಬೆರೆಸಿದ ಸಕ್ಕರೆಯ ಕಣಕದಲ್ಲಿ ಕಟ್ಟಿದ. ನಂಜನಗೂಡು ತಾಲ್ಲೂಕಿನ ಹೆಡತಲೆಯ ಹದಿನಾರು ಮುಖದ ಚಾವಡಿಯನ್ನು ನೋಡಿದವರಿಗೆ ಈ ಸಾಹಸದ ಕಷ್ಟ ಸುಲಭವಾಗಿ ಅರ್ಥವಾದೀತು. ಕಲ್ಲಿನಲ್ಲಿ ಭಾರ ಹೊರುವ ಕಂಬದ ಲೆಕ್ಕವನ್ನು ಸಕ್ಕರೆಯಲ್ಲಿಯೂ ಬಿಡುವಂತಿಲ್ಲ. ಜತೆಗೆ ಗಾಳಿಯ ತೇವವೊಂದು ಶತ್ರು.

ಬಾಯಿಯ ಅಂಗಡಿಯ ಕಿಟಕಿಯಲ್ಲಿ ಇರಿಸಿದ ಈ ಪುಟ್ಟ ಸೌಧಗಳನ್ನು ಕಾಣಲು ಜನ ನಿಲ್ಲತೊಡಗಿದರು. ಹೀಗೆ ಕರೇಮ್‌ನ ಹೆಸರು ವಿದೇಶಾಂಗ ಸಚಿವ ತ್ಯಾಲಿರಾಂನ ಮನೆಯವರೆಗೆ ತಲುಪಿತು. ಭೋಜನವನ್ನೂ ರಾಜತಂತ್ರದ ಅಂಗವೆಂದು ಬಗೆದಿದ್ದ ತ್ಯಾಲಿರಾಂ ಅವನಿಗೆ ದೊಡ್ಡ ಅಡುಗೆಮನೆಯ ಬಾಗಿಲು ತೆರೆದ. ಅಲ್ಲಿ ಕರೇಮ್ ಮಿಠಾಯಿಯಾಚೆಗೂ ಬೆಳೆದು ಸಮಗ್ರ ಪಾಕಶಾಸ್ತ್ರದ ಪಂಡಿತನಾದ. ಪ್ಯಾರಿಸ್ಸಿನಲ್ಲಿ ಸ್ವಂತ ಅಂಗಡಿಯನ್ನೂ ತೆರೆದಿದ್ದ.

ಅವನ ಕಾಲದ ಉಪಕರಣಗಳತ್ತ ನೋಡಿದರೆ ಅಚ್ಚರಿಯಾಗುತ್ತದೆ. ಲೋಹದ ಮೂತಿ ತೊಡಿಸಿದ ಬಟ್ಟೆಯ ಚೀಲ ಐರೋಪ್ಯ ಅಡುಗೆಮನೆಗಳಲ್ಲಿ ಸಾಮಾನ್ಯವಾದದ್ದು 19ನೇ ಶತಮಾನ ಮುಂದುವರಿದಂತೆ. ಅದಕ್ಕೆ ಮುನ್ನ ಮಿಠಾಯಿಗಾರರ ಕೈಯಲ್ಲಿದ್ದದ್ದು ಚಮಚ, ಚಾಕು, ಪಿಚಕಾರಿ ಮತ್ತು ನಮ್ಮ ಕಡಲೆಕಾಯಿ ಪೊಟ್ಟಣವನ್ನು ಹೋಲುವ ಕಾಗದದ ಸುರುಳಿ. ಮದ್ಯದ ಲೋಟದೊಳಗೆ ಅದ್ದಿ ತಿನ್ನಲು ಅನುಕೂಲವಾಗುವಂತೆ ಬೆರಳಿನಾಕಾರದ ಬಿಸ್ಕತ್ತುಗಳು ಬೇಕೆಂದು ತ್ಯಾಲಿರಾಂ ಕೇಳಿದನೆಂದೂ, ಹಿಟ್ಟನ್ನು ಹಿಂಡಿ ಇಳಿಸುವ ಉಪಾಯವನ್ನು ಕರೇಮ್ ಆಗ ಹೂಡಿದನೆಂದೂ ಒಂದು ಕಥೆಯಿದೆ. ಅದು ದಂತಕಥೆಯೇ ಇರಬಹುದು. ಮೈಸೂರಿನ ಮಿಠಾಯಿ ಅಂಗಡಿಗಳಲ್ಲಿ ಜಹಂಗೀರ್ ಸುತ್ತುವ ಬಾಣಸಿಗನಿಗಂತೂ ಇದು ಹೊಸ ಸಂಗತಿಯಲ್ಲ. ನಡುವೆ ಸಣ್ಣ ತೂತಿರುವ ದಪ್ಪ ಬಟ್ಟೆಯಲ್ಲಿ ಉದ್ದಿನ ಹಿಟ್ಟನ್ನು ಗಂಟುಕಟ್ಟಿ, ಕಾದ ಎಣ್ಣೆಯ ಮೇಲೆ ಮುಷ್ಟಿಯ ಒತ್ತಡವೊಂದರಿಂದಲೇ ಸುರುಳಿಯ ಮೇಲೆ ಸುರುಳಿ ಬಿಡುವ ಅವನ ಕೈಗೆ ನಾಜಲ್ಲಿನ ಹಂಗಿಲ್ಲ.

ಕಾಗದದ ಸುರುಳಿ ಇಂದಿಗೂ ಕಾಲಬಾಹಿರವಾಗಿಲ್ಲ. ಬಟರ್ ಪೇಪರನ್ನು ತ್ರಿಕೋನವಾಗಿ ಕತ್ತರಿಸಿ, ಉದ್ದನೆಯ ಅಂಚಿನ ನಡುಭಾಗವೇ ತುದಿಯಾಗುವಂತೆ ಸುತ್ತಿ, ಮೇಲಿನ ಕಿವಿಗಳನ್ನು ಒಳಗೆ ಮಡಚಿದರೆ ಸಾಕು. ಹೆಸರು ಬರೆಯಲು, ಎಳೆಯಂತಹ ಗೆರೆಯೆಳೆಯಲು ಇದಕ್ಕಿಂತ ಹಗುರವಾದ ಸಾಧನವಿಲ್ಲ. ತೊಳೆದು ಒಣಗಿಸಿದ ದಪ್ಪ ಹಾಲಿನ ಪ್ಯಾಕೆಟ್ ಕೂಡ ಮೂಲೆ ಕತ್ತರಿಸಿದರೆ ಕೆಲಸಕ್ಕೆ ಬರುತ್ತದೆ. ತುದಿಯನ್ನು ಆಂಗ್ಲದ ವಿ ಅಕ್ಷರದಂತೆ ಕತ್ತರಿಸಿದರೆ ಎಲೆಯ ಆಕಾರ ಮೂಡುತ್ತದೆ. ಗಟ್ಟಿ ಕ್ರೀಮಿಗೆ ಮಾತ್ರ ಇವು ತಾಳುವುದಿಲ್ಲ, ಹೊಲಿಗೆಯಲ್ಲಿ ಒಡೆಯುತ್ತವೆ. ಅಲ್ಲಿ ಬಟ್ಟೆಯ ಚೀಲವೇ ಗಟ್ಟಿ. ಆದರೆ ಅದು ಜಿಡ್ಡನ್ನೂ ವಾಸನೆಯನ್ನೂ ಹಿಡಿಯುವುದರಿಂದ ಪ್ರತಿ ಬಾರಿಯೂ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಸಿಲಿಕೋನಿನದು ತೊಳೆಯಲು ಸುಲಭ, ಬೆಲೆ ಹೆಚ್ಚು. ಚೀಲ ಯಾವುದೇ ಇರಲಿ, ಅರ್ಧಕ್ಕಿಂತ ಹೆಚ್ಚು ತುಂಬಿದರೆ ಕೈಯ ಬಿಸಿಗೆ ಕ್ರೀಮ್ ಕರಗಿ ಹೂವಿನ ಅಂಚು ಕುಸಿಯುತ್ತದೆ. ಮುದ್ರಿತ ಹಳೆಯ ಪತ್ರಿಕೆಯ ಪೊಟ್ಟಣವನ್ನು ಮಾತ್ರ ಬಳಸಕೂಡದು. ಶಾಯಿ ತಿನಿಸಿಗೆ ಇಳಿಯುತ್ತದೆ.

1810ರಲ್ಲಿ ನೆಪೋಲಿಯನ್ ಮರಿ ಲೂಯಿಸ್‌ಳನ್ನು ವರಿಸಿದಾಗ ಔತಣದ ಸಿದ್ಧತೆಯಲ್ಲಿ ಕರೇಮ್ ಪಾಲ್ಗೊಂಡಿದ್ದ. ನೆಪೋಲಿಯನ್ ಸೋತ ಮೇಲೆ ಪ್ಯಾರಿಸ್ಸಿಗೆ ಬಂದ ರಷ್ಯದ ಚಕ್ರವರ್ತಿ ಅಲೆಕ್ಸಾಂಡರನಿಗೂ ಉಣಬಡಿಸಿದ. ಒಲೆಗೆ ಯಾವ ಪಕ್ಷವೂ ಇಲ್ಲ. ತನ್ನ ವಿನ್ಯಾಸಗಳ ಚಿತ್ರಗಳುಳ್ಳ ಮಿಠಾಯಿ ಗ್ರಂಥಗಳನ್ನು 1815ರಲ್ಲಿ ಪ್ರಕಟಿಸಿ, ಮರುವರ್ಷ ಇಂಗ್ಲೆಂಡಿನ ಯುವರಾಜ ಪ್ರತಿನಿಧಿಯ ಸೇವೆಗೆ ತೆರಳಿದ. 1817ರ ಜನವರಿ 18ರಂದು ಬ್ರೈಟನ್ನಿನಲ್ಲಿ ರಷ್ಯದ ರಾಜಕುಮಾರ ನಿಕೊಲಸನಿಗೆ ನೀಡಿದ ಭೋಜನಕ್ಕೆ ಅವನು ಸಿದ್ಧಪಡಿಸಿದ ಅಲಂಕೃತ ರಚನೆಗಳಲ್ಲಿ ಬ್ರೈಟನ್ ಅರಮನೆಯ ಪ್ರತಿಕೃತಿಯೂ ಸೇರಿತ್ತು. ಭಾರತೀಯ ಶೈಲಿಯ ಗುಮ್ಮಟಗಳ ಆ ಅರಮನೆ ಆಗಿನ್ನೂ ನಿರ್ಮಾಣದ ಹಂತದಲ್ಲಿತ್ತು.

ಲಂಡನ್ನಿನ ಮಂಜು ಹಿಡಿಸದೆ ಕರೇಮ್ ತಾಯ್ನಾಡಿಗೆ ಮರಳಿದ. 1819ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರೂ ಹೆಚ್ಚು ಕಾಲ ನಿಲ್ಲಲಿಲ್ಲ. ಕೊನೆಗೆ ಪ್ಯಾರಿಸ್ಸಿನ ಶ್ರೀಮಂತ ಲೇವಾದೇವಿಗಾರ ಜೇಮ್ಸ್ ರಾತ್‌ಶೀಲ್ಡ್‌ನ ಮನೆಯಲ್ಲಿ ನೆಲೆಸಿದ. 1829ರಲ್ಲಿ ಅಲ್ಲಿಗೆ ಅತಿಥಿಯಾಗಿ ಬಂದ ಐರಿಷ್ ಲೇಖಕಿ ಲೇಡಿ ಮಾರ್ಗನ್, ಮೇಜಿನ ಮೇಲಿನ ಸಕ್ಕರೆಯ ರಚನೆಯೊಂದರಲ್ಲಿ ತನ್ನ ಹೆಸರನ್ನು ಕಂಡು ಸಂಭ್ರಮಿಸಿದಳು. ಹುಟ್ಟುಹಬ್ಬದ ಕೇಕಿನ ಮೇಲೆ ಹೆಸರು ಬರೆಸುವ ಇಂದಿನ ಮಕ್ಕಳ ಸಂಭ್ರಮ ಅದಕ್ಕಿಂತ ಬೇರೆಯೇನಲ್ಲ.

ಗಾಳಿಯಾಡದ ನೆಲಮಾಳಿಗೆಯ ಅಡುಗೆಮನೆಗಳಲ್ಲಿ ಹತ್ತಾರು ವರ್ಷ ಇದ್ದಿಲ ಹೊಗೆ ಕುಡಿದ ದೇಹ ಬಹುಕಾಲ ಬಾಳಲಿಲ್ಲ. ಹಾಸಿಗೆ ಹಿಡಿದ ಮೇಲೂ ಫ್ರೆಂಚ್ ಅಡುಗೆಯ ಬೃಹತ್ ಗ್ರಂಥವನ್ನು ಮಗಳಿಂದ ಬರೆಸುತ್ತಿದ್ದ. 1833ರ ಜನವರಿ 12ರಂದು ತೀರಿಕೊಂಡಾಗ ಅವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಮಾಂಟ್‌ಮಾರ್ಟ್ರ್‌ನ ಸ್ಮಶಾನದಲ್ಲಿ ಅವನನ್ನು ಮಣ್ಣುಮಾಡಲಾಯಿತು. ಸಕ್ಕರೆಯ ಸೌಧಗಳು ಕರಗಿಹೋದವು. ಅವುಗಳ ನಕ್ಷೆಗಳು ಪುಸ್ತಕಗಳಲ್ಲಿ ಉಳಿದಿವೆ. ಕೊನೆಯ ಗ್ರಂಥದ ಮೂರು ಸಂಪುಟಗಳು ಅವನವು, ಉಳಿದೆರಡನ್ನು ಪ್ಲುಮೆರೆ ಎಂಬ ಬಾಣಸಿಗ ಬರೆದು ಪೂರ್ಣಗೊಳಿಸಿದ.