ಮಗ್ಗಕ್ಕೆ ಬುದ್ಧಿ ಕೊಟ್ಟ ಬಡಗಿ



ಜಪಾನಿನವರು ಹುಟ್ಟಿನಿಂದಲೇ ದುಡಿಮೆಗಾರರು, ಹೊಸ ಯಂತ್ರ ಮಾಡೋದು ಅವರ ರಕ್ತದಲ್ಲೇ ಇದೆ ಅಂತ ದೊಡ್ಡವರು ಹೇಳ್ತಾರೆ. ಆದರೆ ಸಕಿಚಿ ಟೊಯೊಡಾ ಅವರ ಜೀವನ ಓದಿದರೆ ನನಗೆ ಹಾಗನ್ನಿಸೋದಿಲ್ಲ.

ಸಕಿಚಿಯವರು 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಬಡಗಿ. ತಾಯಿ ಮನೆಯಲ್ಲೇ ಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದರು. ಆಗ ಅಲ್ಲೂ ಅಪ್ಪನ ಕಸುಬೇ ಮಗನ ಕಸುಬು. ಆದರೆ 1868ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಆ ಕಟ್ಟುಪಾಡು ಹೋಯಿತು. 1885ರಲ್ಲಿ ಪೇಟೆಂಟ್ ಕಾನೂನು ಬಂತು. ಅಂದರೆ, ಹೊಸ ಸಾಧನ ಕಂಡುಹಿಡಿದವರಿಗೇ ಅದರ ಹಕ್ಕು. ಇದು ತಿಳಿದಾಗ ಸಕಿಚಿಯವರಿಗೆ 18 ವರ್ಷ. ತಾಯಿಯ ಮಗ್ಗವನ್ನೇ ಸುಧಾರಿಸಬೇಕು ಅಂತ ಹಟ ಹಿಡಿದರು.

ದಿನಾ ಮಗ್ಗ ಕಟ್ಟೋದು, ಮತ್ತೆ ಬಿಚ್ಚೋದು! ಊರವರು ಇವನಿಗೆ ತಲೆ ಕೆಟ್ಟಿದೆ ಅಂದರು. ಹಿರಿಮಗ ಬಡಗಿ ಕೆಲಸ ಬಿಟ್ಟನಲ್ಲ ಅಂತ ತಂದೆಗೂ ಸಿಟ್ಟು. ತಾಯಿ ಮಾತ್ರ ಬೆಂಬಲಕ್ಕೆ ನಿಂತರು. 1890ರಲ್ಲಿ ಟೋಕಿಯೋದಲ್ಲಿ ನಡೆದ ಕೈಗಾರಿಕಾ ವಸ್ತುಪ್ರದರ್ಶನಕ್ಕೆ ಹೋಗಿ, ಯಂತ್ರಗಳನ್ನು ದಿನವೂ ನೋಡಿ ಕಲಿತರು. ಅದೇ ವರ್ಷ ಒಂದೇ ಕೈಯಲ್ಲಿ ನಡೆಸಬಹುದಾದ ಮರದ ಮಗ್ಗ ಮಾಡಿದರು. 1896ರಲ್ಲಿ ಯಂತ್ರಶಕ್ತಿಯಿಂದ ನಡೆಯುವ ಮಗ್ಗವನ್ನೂ ಮಾಡಿದರು. ಹೊಕ್ಕಿನ ನೂಲು ಕಡಿದರೆ ಅದು ತಾನೇ ನಿಲ್ಲುತ್ತಿತ್ತು! 1924ರ ಹೊಸ ಮಗ್ಗವಂತೂ ನಿಲ್ಲದೆಯೇ ಲಾಳಿ ಬದಲಾಯಿಸುತ್ತಿತ್ತು. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಾಯ್ತು.

ಯಂತ್ರಮಗ್ಗ ಮೊದಲು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1929ರಲ್ಲಿ ಅದೇ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯವರು 1,00,000 ಪೌಂಡ್ ಕೊಟ್ಟು ಈ ಮಗ್ಗದ ಹಕ್ಕು ಪಡೆಯಲು ಒಪ್ಪಿದರು. ಮರುವರ್ಷ ಸಕಿಚಿಯವರು ತೀರಿಕೊಂಡರು. ಅವರ ಮಗ ಕಿಯಿಚಿರೋ 1937ರಲ್ಲಿ ಟೊಯೊಟಾ ಕಾರು ಕಂಪನಿ ಶುರು ಮಾಡಿದರು. ನಮ್ಮ ಬಿಡದಿಯಲ್ಲಿ ಇನ್ನೋವಾ ಕಾರು ತಯಾರಿಸುವವರು ಇದೇ ಟೊಯೊಟಾದವರು.

ಗೆಳೆಯರೇ, ಸಕಿಚಿಯವರನ್ನು ನೋಡಿ ನಕ್ಕವರೂ ಜಪಾನಿನವರೇ ಅಲ್ಲವೇ? ಹಾಗಾದರೆ ಇದು ರಕ್ತದ ಗುಣ ಹೇಗಾಗುತ್ತೆ? ಕಸುಬಿನವರೂ ಯೋಚನೆ ಮಾಡಬಹುದು ಅಂತ ಆ ದೇಶ ದಾರಿ ಬಿಟ್ಟಿತು, ತಾಯಿ ನಂಬಿದರು, ಅವರು ಹಟ ಬಿಡಲಿಲ್ಲ.

ನಮ್ಮಲ್ಲಿ ಓದಿದವರು ಉಳಿ, ಲಾಳಿ ಮುಟ್ಟಬಾರದು, ಮುಟ್ಟುವವರಿಗೆ ಓದು ಬೇಡ ಅಂತ ಈಗಲೂ ಎಷ್ಟೋ ಜನ ಅಂದುಕೊಂಡಿದ್ದಾರೆ. ನಮ್ಮ ತರಗತಿಯಲ್ಲಿ ಬಡಗಿಯ ಮಕ್ಕಳಿದ್ದಾರೆ, ನೇಕಾರರ ಮಕ್ಕಳಿದ್ದಾರೆ. ಅವರಿಗೆ ಕಸುಬೂ ಗೊತ್ತು, ವಿಜ್ಞಾನ ಪಾಠವೂ ಗೊತ್ತು. ಅವರು ಏನಾದರೂ ಬಿಚ್ಚಿ ಜೋಡಿಸುವಾಗ ನಾವು ನಗಬಾರದು. ಹತ್ತಿರ ಹೋಗಿ ಕೈಜೋಡಿಸೋಣ.

– 7ನೇ ತರಗತಿ