ನೀರಿನ ಉಸ್ತಾದ್ ಅಲ್ ಜಝರಿ



ಪಿಲ್ಲಗುಂಪೆಯ ನಮ್ಮ ಮನೆಯಲ್ಲಿ ಮೋಟರ್ ಹಾಕುವುದು ಹೆಚ್ಚಾಗಿ ರಾತ್ರಿ. ಮೇಲಿನ ಟ್ಯಾಂಕ್ ತುಂಬುವವರೆಗೆ ಅಮ್ಮಿ ನಿದ್ದೆಗೆಟ್ಟು ಕೂರುತ್ತಾರೆ. ಕಣ್ಣು ಹತ್ತಿದರೆ ನೀರೆಲ್ಲ ಬೀದಿಪಾಲು, ಮಾರನೆಯ ದಿನ ಟ್ಯಾಂಕರಿಗೆ ದುಡ್ಡು. ಪ್ರೋಗ್ರಾಮಿಂಗ್ ಕಲಿಯಲು ಮೈಕ್ರೋಬಿಟ್ ಬೋರ್ಡ್ ಕೈಗೆ ಬಂದಾಗ ನನಗೆ ಮೊದಲು ನೆನಪಾದದ್ದು ಆ ಟ್ಯಾಂಕೇ. ಈ ಕೆಲಸದಲ್ಲಿ ನನಗೆ ದಾರಿ ತೋರಿಸಿದವರು 800 ವರ್ಷಗಳ ಹಿಂದಿನ ಒಬ್ಬ ಉಸ್ತಾದರು.

ಅವರ ಹೆಸರು ಇಸ್ಮಾಯಿಲ್ ಅಲ್ ಜಝರಿ. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವಿನ ಉತ್ತರದ ನಾಡಿಗೆ ಅರಬ್ಬರು ಅಲ್ ಜಝೀರಾ ಎನ್ನುತ್ತಿದ್ದರು. ಅವರ ಹೆಸರು ಬಂದದ್ದು ಅಲ್ಲಿಂದ. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ಮನೆತನದ ತಂದೆ ಮತ್ತು ಇಬ್ಬರು ಮಕ್ಕಳು, ಹೀಗೆ ಮೂವರು ಅರಸರ ಬಳಿ ಅವರು ದುಡಿದರು. ಕೊನೆಯ ಅರಸ ನಾಸಿರುದ್ದೀನ್ ಮಹಮೂದ್ ಅವರ ಅಪ್ಪಣೆಯಂತೆ, ತಾವು ಮಾಡಿದ ಯಂತ್ರಗಳ ಬಗ್ಗೆ ಅರಬಿಯಲ್ಲಿ ಗ್ರಂಥ ಬರೆದು 1206ರಲ್ಲಿ ಮುಗಿಸಿದರು. ಅದರಲ್ಲಿ 50 ಯಂತ್ರಗಳಿವೆ. ಬೇರೆಯವರೂ ಮಾಡಿಕೊಳ್ಳಲಿ ಎಂದು ಚಿತ್ರ, ಅಳತೆ ಎಲ್ಲವನ್ನೂ ಕೊಟ್ಟಿದ್ದಾರೆ. ಆನೆ ಗಡಿಯಾರದಲ್ಲಿ ಅವರು ಬಳಸಿದ್ದು ತಳದಲ್ಲಿ ತೂತಿರುವ, ನಿಧಾನವಾಗಿ ತುಂಬಿ ಮುಳುಗುವ ಬಟ್ಟಲು. ನಮ್ಮ ದೇಶದ ಗಳಿಗೆ ಬಟ್ಟಲೂ ಅಂಥದ್ದೇ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಅವರ ವುಝೂ ಯಂತ್ರ. ತಾನು ವುಝೂ ಮಾಡುವಾಗ ಆಳುಗಳು ನಿಂತು ಕೈಗೆ ನೀರು ಸುರಿಯುವುದು ಅರಸರಿಗೆ ಇಷ್ಟವಿರಲಿಲ್ಲ. ಅದಕ್ಕಾಗಿ ಅಲ್ ಜಝರಿ ತಾನಾಗಿಯೇ ನೀರು ಸುರಿಯುವ ಬೊಂಬೆಯನ್ನು ಮಾಡಿಕೊಟ್ಟರು. ಕೈತೊಳೆಯುವ ಇನ್ನೊಂದು ಯಂತ್ರದಲ್ಲಿ ನವಿಲಿನ ಕೊಕ್ಕಿನಿಂದ ನೀರು ಬೀಳುತ್ತದೆ. ಬಳಸಿದ ನೀರು ಕೆಳಗೆ ಸೇರುತ್ತಾ ಒಂದು ತೇಲುಬುಂಡೆಯನ್ನು ಎತ್ತಿದಾಗ, ಬಾಗಿಲು ತೆರೆದು ಒಂದು ಬೊಂಬೆ ಸೋಪಿನ ಪುಡಿ ತರುತ್ತದೆ. ನೀರು ಇನ್ನೂ ಏರಿದರೆ ಎರಡನೆಯ ಬೊಂಬೆ ಟವೆಲ್ ತರುತ್ತದೆ. ನೀರು ಇಷ್ಟು ಮಟ್ಟಕ್ಕೆ ಬಂದರೆ ಈ ಕೆಲಸ ಮಾಡು ಎಂಬುದೇ ತಾನೇ ನಾವು ಇಂದು ಬರೆಯುವ ಪ್ರೋಗ್ರಾಂ? ಅವರ ಸೆನ್ಸರ್ ಆ ತೇಲುಬುಂಡೆ.

ನಾನು ಮೊದಲ ದಿನವೇ ಸೋತೆ. ಕಂಪ್ಯೂಟರ್ ಬೋರ್ಡನ್ನು ಗುರುತಿಸಲೇ ಇಲ್ಲ. ಎರಡು ದಿನ ಪ್ರೋಗ್ರಾಂ ತಿದ್ದಿದ ಮೇಲೆ ಗೊತ್ತಾಯಿತು, ನನ್ನ ಕೇಬಲ್ ಬರೀ ಚಾರ್ಜ್ ಮಾಡುವಂಥದ್ದು, ಅದರಲ್ಲಿ ಡೇಟಾ ಹೋಗುವುದಿಲ್ಲ. ಕೇಬಲ್ ಬದಲಿಸಿ, ಒಂದು ತಂತಿಯನ್ನು 3 ವೋಲ್ಟಿನ ಪಿನ್ನಿಗೂ ಇನ್ನೊಂದನ್ನು 0 ಪಿನ್ನಿಗೂ ಸಿಕ್ಕಿಸಿ, ತುದಿಗಳನ್ನು ಬಕೆಟ್ಟಿನ ಮೇಲೆ ಹಿಡಿದೆ. ತಂತಿ ಒಣಗಿದ್ದಾಗ ಸೊನ್ನೆ ಬರಬೇಕೆಂದುಕೊಂಡಿದ್ದೆ, ಆದರೆ ಅಂಕಿ ಅಲುಗಾಡುತ್ತಲೇ ಇತ್ತು.

ಆಗ ಅಲ್ ಜಝರಿಯವರ ಪದ್ಧತಿ ನೆನಪಾಯಿತು. ಹಿಂದಿನವರ ಪುಸ್ತಕಗಳನ್ನು ಅವರು ಓದಿದ್ದರು, ಆದರೆ ಮಾಡಿ ನೋಡದ ವಿದ್ಯೆಯನ್ನು ನಂಬುತ್ತಿರಲಿಲ್ಲ. ಕವಾಟ ಸೋರದಂತೆ ಎಮರಿ ಪುಡಿ ಹಾಕಿ ಉಜ್ಜಿ ಕೂಡಿಸುತ್ತಿದ್ದರು. ನಾನೂ ಊಹೆ ಬಿಟ್ಟು, ಒಣಗಿದಾಗ ಹತ್ತು ಸಲ, ನೀರು ಮುಟ್ಟಿದಾಗ ಹತ್ತು ಸಲ ಅಂಕಿಗಳನ್ನು ಬರೆದುಕೊಂಡೆ. ಎರಡರ ನಡುವಿನ ಒಂದು ಅಂಕಿಯನ್ನು ಗಡಿಯಾಗಿ ಇಟ್ಟೆ. ಅಂಕಿ ಗಡಿ ದಾಟಿದೊಡನೆ ಬೋರ್ಡಿನ ಸ್ಪೀಕರ್ ಕೂಗಿತು.

ಈಗ ಟ್ಯಾಂಕಿನಿಂದ ಇಳಿದ ಎರಡು ತಂತಿಗಳು ನಮ್ಮ ಕೋಣೆಯ ಬೋರ್ಡಿಗೆ ಬಂದಿವೆ. ಬೋರ್ಡ್ ಓಡುವುದು ಎರಡು ಸಣ್ಣ ಬ್ಯಾಟರಿಯಲ್ಲಿ. ಮೋಟರಿನ ಕರೆಂಟಿಗೆ ನಾನು ಕೈ ಹಾಕಿಲ್ಲ, ಅದು ಅಪಾಯ. ಕೂಗು ಕೇಳಿದರೆ ನಾನೇ ಎದ್ದು ಸ್ವಿಚ್ ಆರಿಸುತ್ತೇನೆ. ಮೊದಲ ವಾರವೆಲ್ಲ ಅಮ್ಮಿ ನಂಬಿಕೆಯಿಲ್ಲದೆ ಎದ್ದು ಕೂತೇ ಇದ್ದರು. ಈಗ ಮಲಗುತ್ತಾರೆ.

ಅರಸರ ಮುಂದೆ ಯಾರೂ ನಿಂತು ನೀರು ಸುರಿಯದಿರಲಿ ಎಂದು ಅಲ್ ಜಝರಿ ಯಂತ್ರ ಮಾಡಿದರು. ನಿಮ್ಮ ಮನೆಯಲ್ಲಿಯೂ ನಿದ್ದೆಗೆಟ್ಟು ಕಾಯುವವರು ಯಾರಾದರೂ ಇದ್ದಾರೆಯೇ, ಒಮ್ಮೆ ನೋಡಿ. ಬೋರ್ಡ್ ಹಿಡಿದು ಅಲ್ಲಿಂದಲೇ ಕಲಿಯಲು ಶುರುಮಾಡಿ.