ರೈಲು ಬಿಟ್ಟುಹೋದ ದಾರಿ

ದೊಡ್ಡ ಗ್ರಂಥದಿಂದ ಹೆಸರಾದವರು ಅನೇಕರಿದ್ದಾರೆ. ಪತ್ರಿಕೆಗೆ ಬರೆದ ಒಂದು ಕಾಗದದಿಂದ ನಾಡಿನ ನೆಲವನ್ನೇ ಬದಲಿಸಿದವರು ವಿರಳ. ಅಮೆರಿಕದ ನಿಸರ್ಗಶಾಸ್ತ್ರಜ್ಞೆ ಮೇ ತೈಲ್‌ಗಾರ್ಡ್ ವಾಟ್ಸ್ ಅಂಥವರಲ್ಲೊಬ್ಬರು.

1893ರಲ್ಲಿ ಜನಿಸಿದ ಈಕೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಸಸ್ಯವಿಜ್ಞಾನಿ ಹೆನ್ರಿ ಕೌಲ್ಸ್ ಅವರ ಶಿಷ್ಯೆಯಾದರು. ಮುಂದೆ ಮಾರ್ಟನ್ ವೃಕ್ಷೋದ್ಯಾನದಲ್ಲಿ ಜನರನ್ನು ಮರಗಿಡಗಳ ನಡುವೆ ನಡೆಸಿಕೊಂಡು ಹೋಗಿ, ನೆಲವನ್ನು ಹೊತ್ತಗೆಯಂತೆ ಓದುವುದನ್ನು ಕಲಿಸಿದರು. ಅದೇ ವಿದ್ಯೆಯನ್ನು ಕುರಿತ ಅವರ ಗ್ರಂಥ 1957ರಲ್ಲಿ ಪ್ರಕಟವಾಯಿತು. ಅಧ್ಯಾಪಕನಾದ ನನಗೆ ಅವರಲ್ಲಿ ಮೊದಲು ಮೆಚ್ಚಿಗೆಯಾದದ್ದು ಈ ಪಾಠಕ್ರಮವೇ.

ಅದೇ ವರ್ಷ ಜುಲೈ 3ರ ನಡುಹಗಲಲ್ಲಿ ಷಿಕಾಗೋ, ಅರೋರಾ, ಎಲ್ಜಿನ್ ಊರುಗಳ ವಿದ್ಯುತ್ ರೈಲು ಪ್ರಯಾಣಿಕರ ಸಂಚಾರವನ್ನು ನಿಲ್ಲಿಸಿತು. ಬೆಳಿಗ್ಗೆ ಅದರಲ್ಲಿ ನಗರಕ್ಕೆ ಹೋದವರಿಗೆ ಸಂಜೆ ಹಿಂದಿರುಗಲು ಗಾಡಿಯಿರಲಿಲ್ಲ. ಎರಡು ವರ್ಷಗಳಲ್ಲಿ ಸರಕು ಗಾಡಿಗಳೂ ನಿಂತು ದಾರಿ ಹಾಳುಬಿತ್ತು. ನೇಗಿಲು ತಾಕದ ರೈಲುದಾರಿಯ ಅಂಚುಗಳಲ್ಲಿ, ಬೇರೆಡೆ ಅಳಿದುಹೋದ ಹುಲ್ಲುಗಾವಲಿನ ಗಿಡಗಳು ಉಳಿದುಕೊಳ್ಳುವುದುಂಟು. ಇಂಗ್ಲೆಂಡಿನ ಸಾರ್ವಜನಿಕ ಕಾಲುದಾರಿಗಳನ್ನು ಮೆಚ್ಚಿದ್ದ ವಾಟ್ಸ್ 1963ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಷಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಬರೆದರು: ಈ ನೆಲದ ಮೇಲೆ ಅನೇಕರ ಕಣ್ಣಿದೆ, ಕೈತಪ್ಪುವ ಮೊದಲೇ ಇದು ಕಾಲುದಾರಿಯಾಗಲಿ ಎಂಬುದು ಅದರ ಸಾರಾಂಶ. 1966ರಲ್ಲಿ ಡುಪೇಜ್ ಕೌಂಟಿಯ ಆಡಳಿತವು ಆ ನೆಲವನ್ನು ಇಲಿನಾಯ್ ಪ್ರೇರಿ ಪಾತ್ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು. ಇಂದು ಆ ದಾರಿಯ ಉದ್ದ ಸುಮಾರು 60 ಮೈಲಿ.

ಆದರೆ ಇಂಥ ದಾರಿಗಳ ಮಗ್ಗುಲಲ್ಲಿ ಜನರ ಮನೆ, ಹೊಲ, ಹಿತ್ತಿಲುಗಳಿವೆ. ಬೇಲಿಯಾಚೆ ಅಪರಿಚಿತರು ಓಡಾಡುವರೆಂಬ ಅಂಜಿಕೆ ಸಹಜವಾದದ್ದು. ಅದಕ್ಕಿಂತಲೂ ತೊಡಕಿನದು ಒಡೆತನದ ಪ್ರಶ್ನೆ. ಎಷ್ಟೋ ಕಡೆ ರೈಲು ಕಂಪನಿಗಳಿಗಿದ್ದುದು ಹಾದುಹೋಗುವ ಹಕ್ಕು ಮಾತ್ರ. ರೈಲು ನಿಂತೊಡನೆ ನೆಲ ತಮಗೆ ಸಲ್ಲಬೇಕೆಂದು ಮಗ್ಗುಲ ಒಡೆಯರು ವಾದಿಸಿದರು. ಮುಂದೆ ಎಂದಾದರೂ ರೈಲು ಬರಬಹುದೆಂದು ಮಾರ್ಗವನ್ನು ಕಾದಿರಿಸಿ, ಅಲ್ಲಿಯವರೆಗೆ ಜನರ ನಡಿಗೆಗೆ ಬಿಡುವ ಶಾಸನ 1983ರಲ್ಲಿ ಬಂದಿತು. 1990ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದರೂ, ನೆಲ ಕಳೆದುಕೊಂಡವರು ಪರಿಹಾರ ಕೇಳಲು ಅವಕಾಶವಿತ್ತಿತು. 2014ರಲ್ಲಿ ವಯೋಮಿಂಗ್ ಪ್ರಾಂತದ ಮೊಕದ್ದಮೆಯೊಂದರಲ್ಲಿ ಭೂಮಾಲಿಕರೇ ಗೆದ್ದರು.

1975ರಲ್ಲಿ ತೀರಿಕೊಂಡ ವಾಟ್ಸ್ ಈ ವ್ಯಾಜ್ಯಗಳನ್ನು ಕಾಣಲಿಲ್ಲ. ನನ್ನ ಎಣಿಕೆಯಲ್ಲಿ ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ: ಒಡೆಯನಿಗೆ ಸಲ್ಲಬೇಕಾದ ಬೆಲೆ ಸಲ್ಲಲಿ, ಆದರೆ ದಾರಿ ಉಳಿಯಲಿ. ತುಂಡುತುಂಡಾಗಿ ಹಂಚಿಹೋದ ದಾರಿಯನ್ನು ಮತ್ತೆ ಕೂಡಿಸುವುದು ಎಷ್ಟು ಕಷ್ಟವೆಂಬುದನ್ನು ಆ ವೃದ್ಧೆ ಎಲ್ಲರಿಗಿಂತ ಮೊದಲೇ ಕಂಡಿದ್ದರು.